ಕಬ್ಬಿಣದ ನೇಗಿಲು: ಬೆಳಗಾವಿ ಸೀಮೆಯ ಒಂದು ಉದ್ಯಮದ ಪೂರ್ವವೃತ್ತಾಂತ

ಕಲ್ಯಾಣದ ಶರಣರ ನಾಮಾವಳಿಯನ್ನು ಅವಲೋಕಿಸಿದರೆ ಎಷ್ಟೋ ಹೆಸರುಗಳು ಕೈಯ ಹತಾರಗಳೊಡನೆಯೇ ಬೆಸೆದುಕೊಂಡಿರುವುದು ಕಂಡುಬರುತ್ತದೆ. ಬಾಚಿಕಾಯಕದ ಬಸವಯ್ಯನೆಂದೊಡನೆ ಬಡಿಗನ ಬಾಚಿಯೂ, ಅಂಬಿಗರ ಚೌಡಯ್ಯನೆಂದೊಡನೆ ದೋಣಿಯ ಹುಟ್ಟೂ, ಒಕ್ಕಲಿಗ ಮುದ್ದಣ್ಣನೆಂದೊಡನೆ ಉಳುವವನ ನೇಗಿಲೂ ಕಣ್ಣ ಮುಂದೆ ನಿಲ್ಲುತ್ತವೆ. ಕಾಯಕದ ಮಹತ್ತ್ವವನ್ನು ಕುರಿತು ಈ ನಾಡಿನಲ್ಲಿ ಬೇಕಾದಷ್ಟು ಬರೆಹಗಳುಂಟು. ಆದರೆ ಕಾಯಕವನ್ನು ಸಾಧಿಸಿಕೊಟ್ಟ ಹತಾರದ ಚರಿತ್ರೆಯನ್ನು ಬರೆದವರು ವಿರಳ. ಹತಾರವು ಬದಲಾಗುವಾಗ ಒಕ್ಕಲಿಗನ ಮನೆಯಲ್ಲಿ ಏನೇನು ನಡೆಯಿತು, ಹೊಸದನ್ನು ತಂದವನು ಏನೇನು ಪಟ್ಟನು ಎಂಬುದು ರಾಜರ ಕಾಳಗಗಳಿಗಿಂತ ಕಡಿಮೆಯ ವಿಷಯವೇನೂ ಅಲ್ಲ. ಶ್ರೀಮಠಗಳ ಭಕ್ತಸಮೂಹದಲ್ಲಿ ಬಹುಭಾಗವು ಒಕ್ಕಲುತನದವರದೇ ಆದುದರಿಂದ, ಬೆಳಗಾವಿ ಸೀಮೆಯಲ್ಲಿ ಹುಟ್ಟಿದ ಕಬ್ಬಿಣದ ನೇಗಿಲಿನ ವೃತ್ತಾಂತವು ಈ ಸಂಪುಟಕ್ಕೆ ಸಲ್ಲತಕ್ಕದ್ದಾಗಿದೆ.

ಉತ್ತರ ಕರ್ನಾಟಕದ ಎರೆಯ ಹೊಲಗಳಲ್ಲಿ ಶತಮಾನಗಳಿಂದ ನಡೆದುಬಂದ ಸಾಧನಗಳು ನಾಲ್ಕಾರು ಮಾತ್ರ: ರಂಟೆ, ಕುಂಟೆ, ಕೂರಿಗೆ, ಎಡೆಕುಂಟೆ. ಇವೆಲ್ಲವೂ ಜಾಲಿಯ ಮರದಿಂದಲೋ ಅಂತಹ ಮತ್ತಾವುದಾದರೂ ಗಟ್ಟಿ ಮರದಿಂದಲೋ ಆದವು. ಮಣ್ಣನ್ನು ಸೀಳುವ ತುದಿಗೆ ಮಾತ್ರ ಕಬ್ಬಿಣದ ಕುಳ. ಬಡಿಗನು ಮರವನ್ನು ಕೆತ್ತಿಕೊಡುವನು. ಕಮ್ಮಾರನು ಕುಳವನ್ನು ಕಾಸಿ ಬಡಿದು ಹರಿತ ಮಾಡಿಕೊಡುವನು. ಇದಕ್ಕೆ ರೊಕ್ಕದ ಲೆಕ್ಕವಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯವನ್ನು ಒಯ್ದರೆ ವರ್ಷದ ದುಡಿಮೆಯೆಲ್ಲ ತೀರಿತು. ಒಕ್ಕಲಿಗ, ಬಡಿಗ, ಕಮ್ಮಾರ ಈ ಮೂವರನ್ನೂ ಒಂದೇ ಧಾನ್ಯದ ರಾಶಿಯು ಕಟ್ಟಿಹಾಕಿದ್ದಿತು. ಮುಂದೆ ಹೇಳುವ ಸಂಗತಿಯನ್ನು ತಿಳಿಯಬೇಕಾದರೆ ಈ ಏರ್ಪಾಡನ್ನು ಮರೆಯಲಾಗದು.

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮರಾಠಿ ಸಂಗೀತ ನಾಟಕಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರ ಜನ್ಮಸ್ಥಳವೂ ಇದೇ ಊರು. ಒಂದು ಹಳ್ಳಿಯು ಒಂದೇ ಮನೆತನದ ಹೆಸರಿನಲ್ಲಿ ರಂಗಭೂಮಿಗೊಬ್ಬನನ್ನೂ ಹೊಲಗದ್ದೆಗೊಬ್ಬನನ್ನೂ ಕೊಟ್ಟುದು ವಿಶೇಷವೇ ಸರಿ. ಬಾಲಕ ಲಕ್ಷ್ಮಣನಿಗೆ ಓದಿಗಿಂತ ಚಿತ್ರದಲ್ಲಿಯೂ ಯಂತ್ರದಲ್ಲಿಯೂ ಆಸಕ್ತಿ ಹೆಚ್ಚು. ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದನು. ಆದರೆ ಕೆಲವು ಬಣ್ಣಗಳ ಭೇದವು ಅವನ ಕಣ್ಣಿಗೆ ತಿಳಿಯುವುದಿಲ್ಲವೆಂಬುದು ಅಲ್ಲಿ ಗೊತ್ತಾಯಿತು. ಚಿತ್ರಕಾರನಾಗಬೇಕೆಂದು ಹೋದವನಿಗೆ ಇದಕ್ಕಿಂತ ದೊಡ್ಡ ಆಘಾತ ಬೇಕೆ? ಅವನು ಬಣ್ಣವನ್ನು ಬಿಟ್ಟು ಗೆರೆಯನ್ನು ಹಿಡಿದನು. ಯಂತ್ರರೇಖನದಲ್ಲಿ ಪರಿಣತಿ ಪಡೆದು ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಅದೇ ವಿಷಯದ ಅಧ್ಯಾಪಕನಾದನು. ಇತ್ತ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯೊಂದು ಪ್ರಾರಂಭವಾಗಿದ್ದಿತು. ಅಣ್ಣ ರಾಮುಅಣ್ಣನವರೊಡನೆ ಸೇರಿ ನಡೆಸಿದ ಆ ಅಂಗಡಿಯೇ ಕಿರ್ಲೋಸ್ಕರ ಬಂಧುಗಳ ಉದ್ಯಮಕ್ಕೆ ಬೀಜ. ಮುಂದೆ ಮುಂಬಯಿಯ ನೌಕರಿಯನ್ನು ಬಿಟ್ಟು ಲಕ್ಷ್ಮಣರಾಯರು ಬೆಳಗಾವಿಗೆ ಬಂದು ನೆಲೆಸಿದರು.

ಸೈಕಲ್ಲು ಸಾಹೇಬರ ಮತ್ತು ಸ್ಥಿತಿವಂತರ ವಾಹನ. ಅದರಿಂದ ನಾಡು ಬೆಳೆಯಲಾರದೆಂದು ಅವರಿಗೆ ತೋರಿರಬೇಕು. ದನಗಳಿಗೆ ಕಣಿಕೆಯನ್ನು ಸಣ್ಣಗೆ ಕತ್ತರಿಸುವ ಯಂತ್ರವನ್ನು ಮೊದಲು ಮಾಡಿದರು. ಅನಂತರ 20ನೆಯ ಶತಮಾನದ ಆರಂಭದಲ್ಲಿ ಕಬ್ಬಿಣದ ನೇಗಿಲಿಗೆ ಕೈಹಾಕಿದರು. ಆಗ ಇಂಗ್ಲೆಂಡಿನಿಂದ ಬರುತ್ತಿದ್ದ ರಾನ್ಸಮ್ ಕಂಪನಿಯ ನೇಗಿಲುಗಳು ಮುಂಬಯಿ ಇಲಾಖೆಯಲ್ಲಿ ಅಲ್ಲಲ್ಲಿ ಕಾಣುತ್ತಿದ್ದವು. ಅಂತಹುದನ್ನು ಇಲ್ಲಿಯೇ, ಇಲ್ಲಿನ ಎತ್ತಿಗೂ ಇಲ್ಲಿನ ಮಣ್ಣಿಗೂ ಒಗ್ಗುವಂತೆ ಎರಕ ಹೊಯ್ಯಬೇಕೆಂಬುದು ಅವರ ಸಂಕಲ್ಪ.

ನೇಗಿಲು ಸಿದ್ಧವಾಯಿತು, ಕೊಳ್ಳುವವನು ಬರಲಿಲ್ಲ. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷಗಳು ಹಿಡಿದವು. ಕಬ್ಬಿಣವು ಒಳಗೆ ಇಳಿದರೆ ಭೂಮಿತಾಯಿಗೆ ವಿಷವೇರುವುದು, ಹೊಲವು ಬಂಜೆಯಾಗುವುದು ಎಂಬ ಮಾತು ಎಲ್ಲೆಡೆಯಲ್ಲಿಯೂ ಹಬ್ಬಿದ್ದಿತು. ಸಾಲ ಮಾಡಿ ತಂದ ಬಂಡವಾಳವು ಕಾರ್ಖಾನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತ ಬಿದ್ದಿರುವಾಗ ಎರಡು ವರ್ಷ ತಾಳುವುದೆಂದರೇನೆಂಬುದನ್ನು ವ್ಯವಹಾರಸ್ಥರಾದ ವಾಚಕರೇ ಊಹಿಸಿಕೊಳ್ಳಬಹುದು.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ರೈತನ ಮೌಢ್ಯವನ್ನು ಕಂಡು ನಕ್ಕು ಮುಂದೆ ಸಾಗುತ್ತಾರೆ. ಇದು ನ್ಯಾಯವಲ್ಲ. ಮೊದಲನೆಯದಾಗಿ, ಆ ನಂಬಿಕೆಯು ಕೇವಲ ಹಿಂದುಸ್ಥಾನದ ರೈತನದಲ್ಲ. ಅಮೆರಿಕದ ನ್ಯೂಜರ್ಸಿಯಲ್ಲಿ ಚಾರ್ಲ್ಸ್ ನ್ಯೂಬೋಲ್ಡನೆಂಬವನು 1797ರಲ್ಲಿ ಎರಕದ ಕಬ್ಬಿಣದ ನೇಗಿಲಿಗೆ ಸನದು ಪಡೆದಾಗ ಅಲ್ಲಿನ ಬಿಳಿಯ ಒಕ್ಕಲಿಗರೂ ಇದರಿಂದ ಮಣ್ಣು ವಿಷವಾಗುವುದೆಂದೇ ಹಿಂಜರಿದರು. ನೂರು ವರ್ಷಗಳ ಅಂತರದಲ್ಲಿ, ಸಮುದ್ರಗಳ ಆಚೆ ಈಚೆ, ಒಬ್ಬರನ್ನೊಬ್ಬರು ಕಾಣದ ಜನರು ಒಂದೇ ಮಾತನ್ನಾಡಿದರೆ ಅದರ ಹಿಂದೆ ಏನೋ ಅನುಭವವಿರಬೇಕು. ಎರಡನೆಯದಾಗಿ, ಕಟ್ಟಿಗೆಯ ನೇಗಿಲಿನ ಕುಳವೂ ಕಬ್ಬಿಣದ್ದೇ. ಹಾಗಿರಲು ರೈತನ ಅಂಜಿಕೆಯು ಕಬ್ಬಿಣದ ಬಗೆಗಲ್ಲ, ಆಳದ ಬಗೆಗೆ ಎಂದು ತಿಳಿಯುವುದು ಯುಕ್ತ. ಹಳೆಯ ನೇಗಿಲು ಮಣ್ಣನ್ನು ಗೀರುತ್ತಿದ್ದಿತು. ಹೊಸದು ಅದನ್ನು ಮಗುಚಿ ಹಾಕುತ್ತಿದ್ದಿತು. ಮೇಲ್ಮಣ್ಣು ತೆಳುವಾಗಿರುವ ಮಡ್ಡಿ ಹೊಲದಲ್ಲಿ ಕೆಳಗಿನ ಸತ್ತ್ವಹೀನ ಮಣ್ಣನ್ನು ಮೇಲಕ್ಕೆ ತಂದರೆ ಆ ವರ್ಷದ ಬೆಳೆಯು ಕುಂದುವುದು ನಿಜ. ಅಕಾಲದಲ್ಲಿ ಮಗುಚಿದರೆ ಹಸಿಯು ಆರಿಹೋಗುವುದೂ ನಿಜ. ಮತ್ತು ಆಳವಾಗಿ ಎಳೆಯಲು ಗಟ್ಟಿಯಾದ ಎತ್ತುಗಳು ಬೇಕು. ನೆಲವು ಬಿರುಸಾಗಿದ್ದರೆ ಒಂದು ಜೋಡಿ ಸಾಲದು. ಒಂದೇ ಜೋಡಿಯುಳ್ಳವನು ನೆರೆಯವನ ಹಂಗಿಗೆ ಬೀಳಬೇಕು. ಆದರೆ ಎರೆಯ ಹೊಲದಲ್ಲಿ ಕರಿಕೆಯ ಬೇರು ಆಳಕ್ಕೆ ಇಳಿದು ಹಬ್ಬಿದಾಗ ಕೂಲಿಗಳನ್ನಿಟ್ಟು ಅಗೆಸುವುದಕ್ಕಿಂತ ಈ ನೇಗಿಲೇ ಮೇಲು. ಅದು ಎಲ್ಲ ಹೊಲಗಳಿಗೂ ಹಿತವಾದುದಾಗಿರಲಿಲ್ಲ. ಕೆಲವು ಹೊಲಗಳಿಗೆ ಅದಿಲ್ಲದೆ ಗತಿಯಿರಲಿಲ್ಲ. ಯಾವುದು ಯಾವ ಹೊಲವೆಂಬುದನ್ನು ಅರಿಯಲು ರೈತನಿಗೆ ಕಾಲಾವಕಾಶ ಬೇಕಾಗಿದ್ದಿತು, ಅಷ್ಟೆ.

ಇದಕ್ಕಿಂತಲೂ ಬಲವಾದ ಕಾರಣವು ಆಯದ ಏರ್ಪಾಡಿನಲ್ಲಿ ಅಡಗಿದ್ದಿತು. ಎರಕದ ಕುಳವು ಸವೆದರೆ ಅಥವಾ ಒಡೆದರೆ ಊರ ಕಮ್ಮಾರನು ಅದನ್ನು ಕಾಸಿ ಬಡಿಯಲಾರನು. ಎರಕದ ಕಬ್ಬಿಣವು ಸುತ್ತಿಗೆಯ ಪೆಟ್ಟಿಗೆ ಬಾಗದೆ ಸಿಡಿಯುವ ಜಾತಿಯದು. ಹೊಸ ಕುಳವನ್ನೇ ಕೊಳ್ಳಬೇಕು, ಅದೂ ರೊಕ್ಕ ಕೊಟ್ಟು, ಬಿತ್ತನೆಯ ಹೊತ್ತಿನಲ್ಲಿ, ದೂರದ ಪಟ್ಟಣದಿಂದ. ಕಾಳು ಕೊಟ್ಟು ತೀರಿಸುತ್ತಿದ್ದ ಸಂಬಂಧವು ಅಲ್ಲಿಗೆ ಮುರಿಯಿತು. ಮೊದಲು ಕೆಲಸ ಕಳೆದುಕೊಂಡವರು ಬಡಿಗ ಕಮ್ಮಾರರೇ ಎಂಬುದನ್ನು ಹೊಸ ಯಂತ್ರಗಳ ಗುಣಗಾನ ಮಾಡುವವರು ಅಪರೂಪವಾಗಿ ನೆನೆಯುತ್ತಾರೆ. ಧಾರವಾಡ ಸೀಮೆಯ ಹಿರಿಯರಿಗೆ ಇಂತಹ ಅನುಭವವು ಹೊಸದಾಗಿರಲಿಲ್ಲ. 1840ರ ದಶಕದಲ್ಲಿ ಅಮೆರಿಕದ ಹತ್ತಿಯೊಡನೆ ಗರಗಸದ ಹತ್ತಿಯಂತ್ರಗಳು ಆ ಜಿಲ್ಲೆಗೆ ಬಂದಾಗ ಅವುಗಳ ದುರಸ್ತಿಗೆಂದು ಸರಕಾರವು ಧಾರವಾಡದಲ್ಲಿಯೇ ಕಾರ್ಖಾನೆಯನ್ನು ಇಡಬೇಕಾಯಿತು.

ರೊಕ್ಕದ ಪ್ರಶ್ನೆಗೆ ಉತ್ತರವು ಬೇರೊಂದು ದಿಕ್ಕಿನಿಂದ ಹೊರಟಿದ್ದಿತು. ಸರಕಾರದ ತಗಾವಿಯು ಕಾಯಿದೆಯಲ್ಲಿ ಇದ್ದರೂ ಕಚೇರಿಯ ಮೆಟ್ಟಿಲು ಹತ್ತಲು ಬಡರೈತನು ಅಂಜುತ್ತಿದ್ದನು. ಸಾವುಕಾರನ ಬಡ್ಡಿಯು ನೇಗಿಲನ್ನೂ ನುಂಗಿ ಹೊಲವನ್ನೂ ನುಂಗುವಂತಹುದು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ನೇಗಿಲು ಮಾಡಿದವರೂ ಪತ್ತು ಕಟ್ಟಿದವರೂ ಒಂದೇ ದಶಕದವರು, ನೆರೆಹೊರೆಯ ಜಿಲ್ಲೆಗಳವರು. ಒಬ್ಬರ ಕಾರ್ಯವು ಇನ್ನೊಬ್ಬರದಿಲ್ಲದೆ ಅರ್ಧವೇ ಎಂಬುದು ಇಂದು ಹಿಂದಿರುಗಿ ನೋಡಿದಾಗ ಸ್ಪಷ್ಟವಾಗಿ ಕಾಣುತ್ತದೆ.

ನಿಧಾನವಾಗಿ ನೇಗಿಲು ಹೊಲಕ್ಕಿಳಿಯಿತು. ಬೇಡಿಕೆಯು ಬೆಳೆಯತೊಡಗಿದ ಹೊತ್ತಿಗೆ ಮತ್ತೊಂದು ವಿಪತ್ತು ಬಂದೊದಗಿತು. ಕಾರ್ಖಾನೆಯಿದ್ದ ಸ್ಥಳವು ಹೊಸ ಬಡಾವಣೆಗಾಗಿ ಬೇಕೆಂದು ಬೆಳಗಾವಿಯ ನಗರಸಭೆಯು ನಿರ್ಧರಿಸಿತು. ಕಿರ್ಲೋಸ್ಕರ ಬಂಧುಗಳು ಅಲ್ಲಿಂದ ಏಳಬೇಕಾಯಿತು. ಎಲ್ಲಿಗೆ ಹೋಗಬೇಕೆಂದು ತೋಚದಿರುವಾಗ ಔಂಧ ಸಂಸ್ಥಾನದ ಅರಸರಾದ ಭವಾನರಾವ್ ಪಂತ ಪ್ರತಿನಿಧಿಗಳು ತಮ್ಮ ರಾಜ್ಯದಲ್ಲಿ, ಕುಂಡಲ್ ರೋಡ್ ಎಂಬ ಸಣ್ಣ ರೈಲು ನಿಲ್ದಾಣದ ಬಳಿಯಲ್ಲಿ 32 ಎಕರೆ ನೆಲವನ್ನೂ ಹತ್ತು ಸಾವಿರ ರೂಪಾಯಿಗಳ ಸಾಲವನ್ನೂ ಕೊಡಮಾಡಿದರು. 1910ರಲ್ಲಿ ಉದ್ಯಮವು ಅಲ್ಲಿಗೆ ಸ್ಥಳಾಂತರಗೊಂಡಿತು. ಅರಸರ ಔದಾರ್ಯವನ್ನು ಎಷ್ಟು ಕೊಂಡಾಡಿದರೂ ಸಲ್ಲುತ್ತದೆ. ಆದರೆ ಬೆಳಗಾವಿಯು ತನ್ನ ಮಡಿಲಲ್ಲಿ ಹುಟ್ಟಿದ ಕಾರ್ಖಾನೆಯನ್ನು ಕಳೆದುಕೊಂಡಿತೆಂಬ ಮಾತನ್ನೂ ಬಿಡುವಂತಿಲ್ಲ. ಕೆಲವು ಮನೆಗಳ ಬಡಾವಣೆಯೂ ಒಂದು ಎರಕದ ಕುಲುಮೆಯೂ ತಕ್ಕಡಿಯಲ್ಲಿ ಕುಳಿತಾಗ ಅಂದಿನವರಿಗೆ ಮನೆಗಳೇ ಭಾರವಾಗಿ ತೋರಿದವು.

ಕೊಟ್ಟ ನೆಲವಾದರೋ ಬಂಜರು; ಪಾಪಾಸುಕಳ್ಳಿ ತುಂಬಿ ಹಾವುಗಳ ಬೀಡಾಗಿದ್ದಿತು. ಇಪ್ಪತ್ತೈದು ಮಂದಿ ಕೆಲಸಗಾರರು ತಮ್ಮ ಕುಟುಂಬಗಳೊಡನೆ ಬಂದು ಕಳ್ಳಿಯನ್ನು ಕಡಿದು ನೆಲೆಯೂರಿದರು. ಊರಿನ ವ್ಯವಸ್ಥೆಯನ್ನು ರಾಮುಅಣ್ಣನವರು ವಹಿಸಿಕೊಂಡರು. ಈ ಹೊಸ ಊರಿನ ಆಡಳಿತದಲ್ಲಿ ಎರಡು ಸಂಗತಿಗಳು ಶರಣಧರ್ಮದ ಅನುಯಾಯಿಗಳಿಗೆ ವಿಶೇಷವಾಗಿ ರುಚಿಸತಕ್ಕವು. ಅಸ್ಪೃಶ್ಯತೆಯ ಆಚರಣೆಗೆ ಅಲ್ಲಿ ಅವಕಾಶವಿರಲಿಲ್ಲ. ಅಪರಾಧ ಮಾಡಿ ಸೆರೆಮನೆಯ ಶಿಕ್ಷೆ ಅನುಭವಿಸಿ ಬಂದವರನ್ನು ರಾತ್ರಿಯ ಕಾವಲಿಗೆ ನೇಮಿಸಲಾಗಿದ್ದಿತು. ಕಳ್ಳನೆನಿಸಿದವನ ಕೈಯಲ್ಲಿಯೇ ಬೀಗದ ಕೈಯನ್ನು ಕೊಡುವ ಧೈರ್ಯವನ್ನು ಲಕ್ಷ್ಮಣರಾಯರು ತೋರಿದರು. ಪದವಿಯ ಕಾಗದಕ್ಕಿಂತ ಕೈಯ ಚಳಕವನ್ನೇ ಅವರು ನೋಡುತ್ತಿದ್ದರು. ಶಾಲೆಯಲ್ಲಿ ಮುಂದೆ ಬಾರದವರೂ ಅಲ್ಲಿ ಯಂತ್ರಜ್ಞರಾದರು. ಬಣ್ಣ ಕಾಣದ ಕಣ್ಣಿನಿಂದಾಗಿ ಕಲಾಶಾಲೆಯ ಹಾದಿಯನ್ನು ಬಿಡಬೇಕಾಗಿ ಬಂದವನಿಗೆ ಈ ವಿಷಯವು ತಾನಾಗಿಯೇ ತಿಳಿದಿದ್ದೀತು.

1914ರಲ್ಲಿ ಮಹಾಯುದ್ಧವು ತೊಡಗಿತು. ಪರದೇಶದ ನೇಗಿಲುಗಳ ಬರವು ಕುಗ್ಗಿ ದೇಶೀಯ ನೇಗಿಲಿಗೆ ಗಿರಾಕಿಗಳು ಹೆಚ್ಚಿದರು. ಆದರೆ ಅದೇ ಯುದ್ಧವು ಕಚ್ಚಾ ಕಬ್ಬಿಣವನ್ನೂ ಕಲ್ಲಿದ್ದಲನ್ನೂ ದುರ್ಲಭಗೊಳಿಸಿತು. ಆ ಇಕ್ಕಟ್ಟನ್ನು ದಾಟಿ 1920ರಲ್ಲಿ ಉದ್ಯಮವು ನೋಂದಾಯಿತ ಕಂಪನಿಯಾಯಿತು. ಅದೇ ವರ್ಷ ‘ಕಿರ್ಲೋಸ್ಕರ ಖಬರ’ ಎಂಬ ಮರಾಠಿ ಪತ್ರಿಕೆಯು ಹೊರಟಿತು. ಸಾಮಾನು ಮಾರುವವನು ಪತ್ರಿಕೆಯನ್ನೇಕೆ ನಡೆಸಬೇಕೆಂದು ಕೇಳಬಹುದು. ವಿಷವೇರುತ್ತದೆಂಬ ಮಾತು ಎರಡು ವರ್ಷ ಅಂಗಡಿಯ ಬಾಗಿಲಲ್ಲಿ ಕುಳಿತಿದ್ದುದನ್ನು ಕಂಡವರಿಗೆ ಮಾತಿನ ಬೆಲೆಯು ಗೊತ್ತಿದ್ದಿತು.

ನೇಗಿಲಿನ ಬೆನ್ನಿಗೆ ಕಬ್ಬಿನ ಗಾಣ, ಶೇಂಗಾ ಒಡೆಯುವ ಯಂತ್ರ, ಕೈಪಂಪು ಮೊದಲಾದವು ಬಂದವು. ಮಗನಾದ ಶಂತನುರಾಯರು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಪೀಠದಲ್ಲಿ ವ್ಯಾಸಂಗ ಮಾಡಿ 1926ರಲ್ಲಿ ಪದವಿ ಪಡೆದರು; ಅದೇ ವರ್ಷದಲ್ಲಿ ಕಿರ್ಲೋಸ್ಕರವಾಡಿಯಲ್ಲಿ ಚಕ್ರದ ವೇಗದಿಂದ ನೀರೆತ್ತುವ ಪಂಪಿನ ತಯಾರಿಕೆಯು ಆರಂಭವಾಯಿತು. ಎರಡು ಎತ್ತು, ಒಂದು ಕಪಿಲೆ, ದಿನವೆಲ್ಲ ಹಾಡುತ್ತ ಹಿಂದು ಮುಂದಾಗಿ ನಡೆಯುವ ಒಬ್ಬ ಆಳು ಎಂಬ ಹಳೆಯ ನೀರಾವರಿಯು ಅಲ್ಲಿಂದ ಮುಂದೆ ಮೆಲ್ಲಮೆಲ್ಲನೆ ಹಿಂದೆ ಸರಿಯಿತು. ಪಂಪಿನ ವಿಷಯದಲ್ಲಿ ರೈತನು ಎರಡು ವರ್ಷ ಕಾಯಲಿಲ್ಲವೆಂದು ಕಾಣುತ್ತದೆ. ಬಾವಿಯ ದಂಡೆಯಲ್ಲಿ ನಿಂತವನಿಗೆ ನೀರು ಮೇಲೆ ಬಂದುದು ಕಣ್ಣಾರೆ ಕಾಣುವುದಷ್ಟೆ. ಆಳದ ಉಳುಮೆಯ ಫಲವಾದರೋ ಸುಗ್ಗಿಯವರೆಗೆ ಮಣ್ಣಿನಲ್ಲಿ ಅಡಗಿರುತ್ತದೆ.

ಬೆಳಗಾವಿಯಿಂದ ಹೊರಟುಹೋದ ಉದ್ಯಮವು ಮೂರು ದಶಕಗಳ ಬಳಿಕ ಕನ್ನಡ ನಾಡಿಗೆ ಮತ್ತೊಂದು ರೂಪದಲ್ಲಿ ಮರಳಿತು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ, ತುಂಗಭದ್ರೆಯ ತೀರದಲ್ಲಿ, ಮೈಸೂರು ಕಿರ್ಲೋಸ್ಕರ ಎಂಬ ಹೆಸರಿನಿಂದ ಲೇತುಗಳೇ ಮುಂತಾದ ಯಂತ್ರೋಪಕರಣಗಳ ಕಾರ್ಖಾನೆಯು ಸ್ಥಾಪಿತವಾಯಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ಯಂತ್ರಗಳ ಕಂಪನಿಯೂ ಪುಣೆಯಲ್ಲಿ ತೈಲದ ಎಂಜಿನ್ನುಗಳ ಕಂಪನಿಯೂ ಹುಟ್ಟಿದವು. ಹರಿಹರದ ಕಾರ್ಖಾನೆಯು ಅನೇಕ ವರ್ಷ ಆ ಊರಿನ ಹೆಸರನ್ನೇ ದೇಶದಲ್ಲೆಲ್ಲ ಒಯ್ದಿತು. ಸುತ್ತಣ ಹಳ್ಳಿಗಳ ಒಕ್ಕಲು ಮಕ್ಕಳು ಅಲ್ಲಿ ಅಳತೆಗೋಲು ಹಿಡಿಯುವುದನ್ನು ಕಲಿತರು. ಇಂದು ಅದು ನಡೆಯುತ್ತಿಲ್ಲ. ಎರಕದ ಕುಳವು ಬಂದು ಊರ ಕಮ್ಮಾರನ ಕುಲುಮೆಯನ್ನು ಆರಿಸಿದಂತೆ, ಇನ್ನೂ ಹೊಸ ಯಂತ್ರಗಳೂ ಕಾಲದ ಕಷ್ಟಗಳೂ ಬಂದು ಆ ಕುಲುಮೆಯೂ ಆರಿತು. ಕಟ್ಟಿ ಬೆಳೆಸಿದವರ ಮೊದಲ ಪೀಳಿಗೆಯು ಅದನ್ನು ಕಾಣಲಿಲ್ಲ. ಲಕ್ಷ್ಮಣರಾಯರು 1956ನೆಯ ಇಸವಿ ಸೆಪ್ಟೆಂಬರ್ 26ರಂದು ಕಾಲವಾಗಿದ್ದರು.

ಅವರ ಜನ್ಮಶತಾಬ್ದಿಯ ನೆನಪಿಗಾಗಿ ಭಾರತ ಸರಕಾರವು 1969ರಲ್ಲಿ ಅಂಚೆಚೀಟಿಯೊಂದನ್ನು ಹೊರಡಿಸಿತು. ಪಂಪು, ಎಂಜಿನ್ನು, ಲೇತು ಇವೆಲ್ಲವುಗಳನ್ನು ಬಿಟ್ಟು ಅದರಲ್ಲಿ ಅವರ ಮುಖದೊಡನೆ ಚಿತ್ರಿತವಾದುದು ನೇಗಿಲು. ಪುಣೆ ಮೀರಜಗಳ ನಡುವೆ ರೈಲಿನಲ್ಲಿ ಹೋಗುವವರಿಗೆ ಕುಂಡಲ್ ರೋಡ್ ಎಂಬ ಫಲಕವು ಈಗ ಸಿಕ್ಕುವುದಿಲ್ಲ. ಆ ನಿಲ್ದಾಣಕ್ಕೆ ಇಂದು ಕಿರ್ಲೋಸ್ಕರವಾಡಿ ಎಂದು ಹೆಸರು.