ಖಗ್ರಾಸ ಸೂರ್ಯಗ್ರಹಣ: ಲೆಕ್ಕವೂ ನೋಟವೂ

ನಮ್ಮ ನಾಡಿನ ಶಾಸನಗಳನ್ನು ಓದುವವರಿಗೆ ಸೂರ್ಯಗ್ರಹಣವೆಂಬುದು ಚಿರಪರಿಚಿತವಾದ ಮಾತು. ಅರಸನೋ ಸಾಮಂತನೋ ಗ್ರಹಣದ ಪುಣ್ಯಕಾಲದಲ್ಲಿ ಧಾರೆಯೆರೆದು ದೇವಾಲಯಕ್ಕೆ ಅಥವಾ ವಿದ್ವಾಂಸರಿಗೆ ಭೂಮಿಯನ್ನು ದಾನವಿತ್ತ ಸಂಗತಿ ಕಲ್ಲಿನಲ್ಲಿಯೂ ತಾಮ್ರಪಟದಲ್ಲಿಯೂ ಮತ್ತೆ ಮತ್ತೆ ಬರುತ್ತದೆ. ಶಕವರ್ಷ, ಮಾಸ, ವಾರಗಳ ಜೊತೆಗೆ ಗ್ರಹಣದ ಉಲ್ಲೇಖವೂ ಇದ್ದರೆ ಇತಿಹಾಸಕಾರನಿಗೆ ಕಾಲನಿರ್ಣಯ ಸುಲಭವಾಗುತ್ತದೆ. ಆದರೆ ದಾನಕೊಟ್ಟ ಹೊಲದ ನಾಲ್ಕು ಎಲ್ಲೆಗಳನ್ನು ಹಳ್ಳ, ಮರಗಳ ಸಹಿತ ಗುರುತಿಸುವ ಶಾಸನಗಳು, ಆ ಹೊತ್ತಿನಲ್ಲಿ ಆಕಾಶ ಹೇಗಿತ್ತೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಇದು ಅರಿವಿಲ್ಲದ್ದರಿಂದ ಆದುದಲ್ಲ. ಕ್ರಿ.ಶ. ೪೯೯ರ ಸುಮಾರಿನಲ್ಲಿಯೇ ಆರ್ಯಭಟನು, ಸೂರ್ಯನನ್ನು ಮರೆಮಾಡುವವನು ಚಂದ್ರ, ಚಂದ್ರನನ್ನು ಮರೆಮಾಡುವುದು ಭೂಮಿಯ ನೆರಳು ಎಂದು ಹೇಳಿದ್ದನು. ಮನೆಯಲ್ಲಿ ರಾಹುವಿನ ಕಥೆಯನ್ನು ಹೇಳುತ್ತಲೇ ನೆರಳಿನ ಲೆಕ್ಕವನ್ನೂ ಮಾಡುತ್ತ ಬಂದವರು ನಮ್ಮ ಜೋಯಿಸರು. ಗಣಿತ ಬೆಳೆಯಿತು, ಆಚರಣೆಯೂ ಬೆಳೆಯಿತು. ಇವೆರಡರ ನಡುವೆ ಕಂಡವನ ಮಾತು ಮಾತ್ರ ನಮಗೆ ಅಷ್ಟಾಗಿ ದಕ್ಕಲಿಲ್ಲ.

೧೮೬೮ರ ಆಗಸ್ಟ್ ೧೮ರಂದು ಚಂದ್ರನ ನೆರಳು ವಿಜಾಪುರ ಸೀಮೆಯನ್ನು ದಾಟಿ, ಗುಂಟೂರು, ಮಚಲೀಪಟ್ಟಣಗಳ ಮೇಲೆ ಹಾದು ಬಂಗಾಳ ಕೊಲ್ಲಿಗೆ ಇಳಿಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಕಾದು ನಿಂತಿದ್ದರೆ, ನಮ್ಮ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ ಈತ. ಮಳೆಗಾಲದ ಮೋಡಗಳು ಕಾಡಿದುವು. ಆದರೂ ಮೋಡದ ಸಂದಿಯಲ್ಲಿ ಸೂರ್ಯನಂಚಿನ ಜ್ವಾಲೆಯೊಂದಕ್ಕೆ ರೋಹಿತದರ್ಶಕವನ್ನು ಹಿಡಿದಾಗ ಅವನಿಗೆ ಕೆಂಪು, ಕಿತ್ತಳೆ, ನೀಲಿ ಬಣ್ಣದ ಮೂರು ಉಜ್ವಲ ಗೆರೆಗಳು ಕಂಡುವು. ಸೂರ್ಯನ ಜ್ವಾಲೆಗಳು ಕಾದು ಬೆಳಗುವ ಅನಿಲವೆಂಬುದು ಆ ದಿನದ ವೀಕ್ಷಣೆಗಳಿಂದ ಸಿದ್ಧವಾಯಿತು. ಗ್ರಹಣವಿಲ್ಲದೆಯೂ ಆ ಗೆರೆಗಳನ್ನು ಕಾಣಬಹುದೆಂದು ಜಾನ್ಸೆನ್ ಮರುದಿನವೇ ತೋರಿಸಿದನು. ಅದೇ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್ ಸ್ವತಂತ್ರವಾಗಿ ಅದನ್ನೇ ಸಾಧಿಸಿದನು. ಹಳದಿಯ ಗೆರೆ ಸೋಡಿಯಮ್ಮಿನದಲ್ಲವೆಂದು ಗೊತ್ತಾಗಿ, ಅದಕ್ಕೆ ಕಾರಣವಾದ ಹೊಸ ಧಾತುವಿಗೆ ಗ್ರೀಕರ ಸೂರ್ಯನ ಹೆಸರಿನಿಂದ ಹೀಲಿಯಂ ಎಂಬ ಹೆಸರಾಯಿತು. ಭೂಮಿಯಲ್ಲಿ ಅದನ್ನು ರ‍್ಯಾಮ್ಸೆ ಕಂಡುಹಿಡಿದುದು ೧೮೯೫ರಲ್ಲಿ. ಈ ಲಾಕಿಯರ್ ೧೮೭೧ರ ಡಿಸೆಂಬರ್ ೧೨ರ ಗ್ರಹಣವನ್ನು ನೋಡಲು ಬಂದುದು, ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲಕ್ಕೆ.

ಆಮೇಲೆ ೧೮೯೮ರಲ್ಲಿ ಮಹಾರಾಷ್ಟ್ರದ ಕರಾವಳಿಯಿಂದ ಉತ್ತರಕ್ಕೆ ಒಂದು ಖಗ್ರಾಸ ಹಾದುಹೋಯಿತು. ನಮ್ಮ ಪಾಲಿಗೆ ಬಂದುದು ೧೯೮೦ರ ಫೆಬ್ರುವರಿ ೧೬, ಶನಿವಾರ. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯವರು ಹುಬ್ಬಳ್ಳಿಯ ಬಳಿಯ ಹೊಸೂರಿನಲ್ಲಿಯೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿಯೂ ಶಿಬಿರ ಹೂಡಿದ್ದರು. ನಾನಾಗ ಹುಬ್ಬಳ್ಳಿಯಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ಬೀದಿಗಳು ಬರಿದಾದುವು. ಕಿಟಕಿ ಬಾಗಿಲುಗಳು ಮುಚ್ಚಿದುವು. ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಭರಣಿಯ ಮೇಲೂ ನೀರಿನ ಕೊಡದ ಮೇಲೂ ದರ್ಭೆ ಬಿದ್ದಿತ್ತು.

ನಮ್ಮ ತಂದೆಯವರು ಪಂಚಾಂಗದ ಗಣಿತವನ್ನು ಬಲ್ಲವರು. ಸ್ಪರ್ಶ, ಮಧ್ಯ, ಮೋಕ್ಷಗಳ ಕಾಲವನ್ನು ಹಿಂದಿನ ರಾತ್ರಿಯೇ ಪಾಟಿಯ ಮೇಲೆ ಗುಣಿಸಿ ನನಗೆ ತೋರಿಸಿದ್ದರು. ಗ್ರಹಣ ಹಿಡಿಯುತ್ತಲೇ ಸ್ನಾನ ಮಾಡಿ, ಒಳಮನೆಯಲ್ಲಿ ಜಪಕ್ಕೆ ಕುಳಿತರು. ನಾನು ಊರ ಹೊರಗಿನ ಬಯಲಿಗೆ ಹೋದೆ.

ಮೂರೂವರೆಯ ಬಳಿಕ ಬೆಳಕು ಬಣ್ಣಗೆಟ್ಟಿತು. ಅದು ಸಂಜೆಯ ಬೆಳಕಲ್ಲ. ಸಂಜೆಗೆ ಕೆಂಪಿದೆ, ಇದಕ್ಕೆ ಬೂದಿಯ ಬಣ್ಣ. ನನ್ನ ನೆರಳಿನ ಅಂಚು ಕತ್ತರಿಸಿದಂತೆ ಚೂಪಾಯಿತು. ಕಾಗೆಗಳು ಮರ ಸೇರಿದುವು. ಪಡುವಣದಿಂದ ಕತ್ತಲೆ ಮಳೆಯಂತೆ ನೆಲದ ಮೇಲೆ ಓಡಿಬಂತು. ಕಟ್ಟಕಡೆಯ ಕಿರಣವೊಂದು ಉಂಗುರದ ಹರಳಿನಂತೆ ಹೊಳೆದು ಆರಿತು. ಅಲ್ಲಿ ಉಳಿದುದು ಒಂದು ಕರಿಯ ಬಿಲ್ಲೆ. ಅದರ ಸುತ್ತ ಎಲ್ಲ ದಿಕ್ಕಿಗೂ ಚಾಚಿದ ಬೆಳ್ಳಿಯ ಪ್ರಭೆ. ಮೇಲೆ ಶುಕ್ರ ಬೆಳಗುತ್ತಿದ್ದ. ದಿಗಂತದ ಸುತ್ತಲೂ ಹೊಂಬಣ್ಣ. ಹೀಗೆ ಸುಮಾರು ಎರಡೂಮುಕ್ಕಾಲು ನಿಮಿಷ. ಚಂದ್ರನು ಒಂದು ಗುಂಡು, ನಾನು ನಿಂತಿರುವುದೂ ಒಂದು ಗುಂಡು, ಎರಡೂ ಚಲಿಸುತ್ತಿವೆ ಎಂದು ಶಾಲೆಯಲ್ಲಿ ಓದಿದ್ದುದು ಆಗ ಮೈಗೆ ತಿಳಿಯಿತು.

ಮನೆಗೆ ಮರಳಿದಾಗ ತಂದೆಯವರು ಮೋಕ್ಷಸ್ನಾನ ಮುಗಿಸಿದ್ದರು. "ಹ್ಯಾಂಗಿತ್ತೋ?" ಎಂದು ಕೇಳಿದರು. ತಿಳಿದಂತೆ ಹೇಳಿದೆ. ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೇಳಿದರು. ಶುಕ್ರ ಎಲ್ಲಿ ಕಂಡ, ಕತ್ತಲೆ ಯಾವ ದಿಕ್ಕಿನಿಂದ ಬಂತು ಎಂದು ಮತ್ತೆ ಮತ್ತೆ ಕೇಳಿದರು. ಅವರ ಲೆಕ್ಕ ತಪ್ಪಿರಲಿಲ್ಲ. ಆದರೆ ಎಪ್ಪತ್ತು ದಾಟಿದ ಅವರಿಗೆ ಇನ್ನೊಂದು ಖಗ್ರಾಸ ಬರುವಂತಿರಲಿಲ್ಲವೆಂಬುದನ್ನು ಅದೇ ಲೆಕ್ಕ ಹೇಳುತ್ತಿತ್ತು. ಅದನ್ನು ಅವರೂ ಬಲ್ಲರು. ಅಂದು ಒಳಗೆ ಕುಳಿತುದರಲ್ಲಿ ಅವರಿಗಿದ್ದುದು ಭಯವಲ್ಲ, ನಿಷ್ಠೆ. ಆ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. ಅದಕ್ಕೆ ಅವರು ತೆತ್ತ ಬೆಲೆಯನ್ನೂ ಕಂಡಿದ್ದೇನೆ.

ಸೂರ್ಯನು ಚಂದ್ರನಿಗಿಂತ ಸುಮಾರು ೪೦೦ ಪಟ್ಟು ದೊಡ್ಡವನು, ಸುಮಾರು ಅಷ್ಟೇ ಪಟ್ಟು ದೂರದವನು. ಆದುದರಿಂದಲೇ ಈ ಮುಚ್ಚಳ ಇಷ್ಟು ಸರಿಯಾಗಿ ಕೂಡುತ್ತದೆ. ಚಂದ್ರನು ವರ್ಷಕ್ಕೆ ೩.೮ ಸೆಂಟಿಮೀಟರಿನಷ್ಟು ದೂರ ಸರಿಯುತ್ತಿದ್ದಾನೆ. ಕೋಟಿಗಟ್ಟಲೆ ವರ್ಷಗಳ ಮೇಲೆ ಖಗ್ರಾಸವೇ ಇರಲಾರದು. ಸೂರ್ಯನ ಒಂದು ಎಳೆ ಉಳಿದಿದ್ದರೂ ತಕ್ಕ ರಕ್ಷಣೆಯಿಲ್ಲದೆ ನೋಡುವುದು ಕಣ್ಣಿಗೆ ಅಪಾಯ. ಪೂರ್ಣ ಮುಚ್ಚಿದ ಆ ಕೆಲವು ನಿಮಿಷ ಮಾತ್ರ ಬರಿಗಣ್ಣಿನ ಪಾಲು. ಭಾರತದ ನೆಲದಲ್ಲಿ ಮುಂದಿನ ಅಂಥ ಅವಕಾಶ ೨೦೩೪ರ ಮಾರ್ಚ್ ೨೦ರಂದು, ಕಾಶ್ಮೀರದ ಕಡೆಗೆ. ಅಂದು ಜಪಕ್ಕೆ ಕೂಡುವವರು ಕೂಡಲಿ. ಆದರೆ ಆ ಎರಡು ಮೂರು ನಿಮಿಷವಾದರೂ ಎದ್ದು ಅಂಗಳಕ್ಕೆ ಬರಲಿ.