ಮಲಬಾರ್ ಹಿಲ್: ಸಿರಿವಂತರಿಗಿಂತ ಮೊದಲು ಬಂದವರು

ಮುಂಬಯಿಯ ಚೌಪಾಟಿಯಲ್ಲಿ ನಿಂತು ನೋಡಿದರೆ ಎದುರಿಗೆ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಗುಡ್ಡವೇ ಮಲಬಾರ್ ಹಿಲ್. ಎತ್ತರ ಸುಮಾರು 50 ಮೀಟರ್ ಅಷ್ಟೇ. ಮಲೆನಾಡಿನವರ ಕಣ್ಣಿಗೆ ಅದೊಂದು ದಿಬ್ಬ. ಆದರೆ ಈ ದಿಬ್ಬದ ಮೇಲೊಂದು ಮನೆ ಕೊಳ್ಳುವುದು ಭಾರೀ ಶ್ರೀಮಂತರಿಗಷ್ಟೇ ಸಾಧ್ಯ. ರಾಜ್ಯಪಾಲರ ನಿವಾಸ, ಮುಖ್ಯಮಂತ್ರಿಯ 'ವರ್ಷಾ' ಬಂಗಲೆ, ವಜ್ರದ ವ್ಯಾಪಾರಿಗಳ ಬಹುಮಹಡಿ ಮನೆಗಳು ಎಲ್ಲವೂ ಇಲ್ಲಿವೆ.

ಹಣವಂತರು ಈ ಗುಡ್ಡ ಹತ್ತಿದ್ದು ತೀರ ತಡವಾಗಿ. ಅದಕ್ಕೆ ಮೊದಲು ಇದು ದೇವರ ಜಾಗ, ಸತ್ತವರ ಜಾಗ. ಅವರಿಬ್ಬರೂ ಇಂದಿಗೂ ಜಾಗ ಬಿಟ್ಟುಕೊಟ್ಟಿಲ್ಲ.

ಗುಡ್ಡದ ಸಮುದ್ರದ ಕಡೆಯ ತಪ್ಪಲಲ್ಲಿ ವಾಲ್ಕೇಶ್ವರ ದೇವಾಲಯವಿದೆ. ವಾಲುಕವೆಂದರೆ ಮರಳು. ಸೀತೆಯನ್ನು ಹುಡುಕುತ್ತ ಬಂದ ರಾಮ ಇಲ್ಲಿ ಮರಳಿನ ಲಿಂಗ ಮಾಡಿ ಪೂಜಿಸಿದನೆಂದೂ, ಬಾಣ ಬಿಟ್ಟ ಕಡೆ ನೀರು ಚಿಮ್ಮಿ ಬಾಣಗಂಗಾ ಕೊಳವಾಯಿತೆಂದೂ ಸ್ಥಳಪುರಾಣ. ಸಮುದ್ರ ಕೂಗಳತೆಯಲ್ಲಿದ್ದರೂ ಕೊಳದ್ದು ಊಟೆಯ ಸಿಹಿನೀರು. ಇಲ್ಲಿ ಗುಡಿ ಕಟ್ಟಿಸಿದ್ದು 12ನೇ ಶತಮಾನದಲ್ಲಿ, ಶಿಲಾಹಾರರ ಕಾಲದಲ್ಲಿ. ಶಿಲಾಹಾರರು ಹಿಂದೆ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದವರು.

ಪೋರ್ಚುಗೀಸರು ಕೆಡವಿದ ಈ ಗುಡಿಯನ್ನು 1715ರಲ್ಲಿ ಮತ್ತೆ ಕಟ್ಟಿಸಿದವನು ರಾಮಾ ಕಾಮತ್ ಎಂಬ ಸಾರಸ್ವತ ವರ್ತಕ. ಈಸ್ಟ್ ಇಂಡಿಯಾ ಕಂಪನಿಗೆ ಬಹಳ ಬೇಕಾದವನಾಗಿದ್ದ ಆತನ ಮೇಲೆ ಐದೇ ವರ್ಷದಲ್ಲಿ, ಮರಾಠಾ ನೌಕಾಧಿಪತಿ ಕಾನ್ಹೋಜಿ ಆಂಗ್ರೆಯೊಡನೆ ಗುಟ್ಟಾಗಿ ಪತ್ರವ್ಯವಹಾರ ನಡೆಸಿದನೆಂಬ ಆರೋಪ ಬಂತು. ಆಸ್ತಿ ಹೋಯಿತು, 1728ರಲ್ಲಿ ಸೆರೆಮನೆಯಲ್ಲೇ ಸತ್ತ. ಸಾಕ್ಷ್ಯವೆಂದು ತೋರಿಸಿದ ಪತ್ರಗಳು ನಕಲಿಯೆಂದು ತಿಳಿದದ್ದು ಆಮೇಲೆ. ಅವನು ಕಟ್ಟಿಸಿದ ಗುಡಿಗೆ ಇಂದಿಗೂ ಭಕ್ತರು ಬರುತ್ತಾರೆ. ಕೊಳದ ದಂಡೆಯಲ್ಲಿರುವ ಕಾಶೀ ಮಠ, ಕವಳೆ ಮಠಗಳಿಂದಾಗಿ ನಮ್ಮ ಕರಾವಳಿಯ ಸಾರಸ್ವತರಿಗೂ ಈ ಜಾಗ ಅಪರಿಚಿತವಲ್ಲ.

ಗುಡ್ಡದ ಇನ್ನೊಂದು ಮಗ್ಗುಲಿನ ಡೂಂಗರ್‌ವಾಡಿ ಪಾರಸಿಗಳದು. ಶವವನ್ನು ಮಣ್ಣಿಗಾಗಲಿ ಬೆಂಕಿಗಾಗಲಿ ಕೊಡದೆ ರಣಹದ್ದುಗಳಿಗೆ ಬಿಡುವ 'ದಖ್ಮಾ' ಎಂಬ ದುಂಡನೆಯ ಗೋಪುರವನ್ನು ಅವರು ಇಲ್ಲಿ ಮೊದಲು ಕಟ್ಟಿದ್ದು 1670ರ ದಶಕದಲ್ಲಿ. ಆಗ ಇದು ಊರಾಚೆಯ ಕಾಡು.

ಕೆಳಗಿನ ಪೇಟೆ ಕಾಲರಾದಿಂದಲೂ ಕೊಳಕಿನಿಂದಲೂ ಕಂಗೆಟ್ಟಿದ್ದಾಗ ಆಂಗ್ಲರಿಗೆ ಗುಡ್ಡದ ಗಾಳಿ ಹಿತವೆನಿಸಿತು. 1885ರಲ್ಲಿ ಗವರ್ನರ್ ನಿವಾಸವೇ ಪರೇಲಿನಿಂದ ಇಲ್ಲಿನ ಭೂಶಿರಕ್ಕೆ ಬಂತು. ದೊರೆ ಹೋದಲ್ಲಿಗೆ ಧನಿಕರೂ ಹೋದರು. ಅದೇ ದಶಕದಲ್ಲಿ ನಗರಕ್ಕೆ ನೀರು ಹಾಯಿಸಲು ನೆತ್ತಿಯ ಮೇಲೆ ಜಲಾಶಯ ಕಟ್ಟಿ, ಮೇಲೆ ಮಣ್ಣು ಹರಡಿ ತೋಟ ಬೆಳೆಸಿದರು. ಅದೇ ಹ್ಯಾಂಗಿಂಗ್ ಗಾರ್ಡನ್. ಪಕ್ಕದ ಗೋಪುರಗಳಿಂದ ಹಾರುವ ಹದ್ದುಗಳು ನೀರಿಗೆ ಏನನ್ನಾದರೂ ಬೀಳಿಸಬಾರದೆಂದೇ ಹೀಗೆ ಮುಚ್ಚಿದರೆಂಬ ಮಾತು ಊರಿನಲ್ಲಿದೆ. ಈ ಜಲಾಶಯವನ್ನು ಕೆಡವಿ ಕಟ್ಟುವ ಪಾಲಿಕೆಯ ಯೋಜನೆಗೆ 2023ರಲ್ಲಿ ನಿವಾಸಿಗಳಿಂದ ಬಲವಾದ ವಿರೋಧ ಬಂತು. ಮರಗಳು ಹೋಗುತ್ತವೆಂಬುದು ಅವರ ತಕರಾರು.

ಇಲ್ಲಿನ ಬಂಗಲೆಗಳಲ್ಲಿ ಇತಿಹಾಸಕ್ಕೆ ಸೇರಿದ್ದು ಜಿನ್ನಾ ಅವರದು. 1936ರಲ್ಲಿ ಕ್ಲಾಡ್ ಬ್ಯಾಟ್ಲಿ ವಿನ್ಯಾಸದಂತೆ ಎದ್ದ ಮನೆ ಅದು. 1944ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಹತ್ತಿರದ ಬಿರ್ಲಾ ಹೌಸ್‌ನಲ್ಲಿ ತಂಗಿ, ಮಾತುಕತೆಗೆ ಈ ಮನೆಗೆ ಬರುತ್ತಿದ್ದರು. ಮಾತುಕತೆ ಮುರಿಯಿತು. ಮೂರು ವರ್ಷದ ನಂತರ ಮನೆಯ ಯಜಮಾನ ಪಾಕಿಸ್ತಾನದ ಗವರ್ನರ್ ಜನರಲ್ ಆದರು. ಮನೆ ಭಾರತದಲ್ಲೇ ಉಳಿಯಿತು.

ಗೋಪುರಗಳಿಗೆ ಸಂಕಟ ಬಂದದ್ದು ಭೂದಾಹಿಗಳಿಂದಲ್ಲ, ದನಗಳಿಗೆ ಕೊಡುವ ಒಂದು ಔಷಧಿಯಿಂದ. ನೋವು ನಿವಾರಕ ಡೈಕ್ಲೋಫೆನಾಕ್ ಪಡೆದ ದನದ ಕಳೇಬರ ತಿಂದ ರಣಹದ್ದುಗಳ ಮೂತ್ರಪಿಂಡಗಳು ಕೆಟ್ಟು, 1990ರ ದಶಕದಿಂದ ಭಾರತದಾದ್ಯಂತ ಅವು ಕಣ್ಮರೆಯಾದವು. 2006ರಲ್ಲಿ ಸರ್ಕಾರ ದನಗಳಿಗೆ ಈ ಔಷಧಿ ಕೊಡುವುದನ್ನು ನಿಷೇಧಿಸುವ ಹೊತ್ತಿಗೆ ಡೂಂಗರ್‌ವಾಡಿಯ ಆಕಾಶ ಬರಿದಾಗಿತ್ತು. ದಖ್ಮಾಗಳಲ್ಲಿ ಬಿಸಿಲನ್ನು ಒಟ್ಟುಗೂಡಿಸಿ ಶವದ ಮೇಲೆ ಬೀಳಿಸುವ ಸಾಧನಗಳನ್ನು ಇಟ್ಟರು. ಮಳೆಗಾಲದಲ್ಲಿ ಅವು ಕೆಲಸಕ್ಕೆ ಬಾರವು. ಇದು ಶಾಸ್ತ್ರಸಮ್ಮತವೇ ಎಂಬ ಜಗಳ ಸಮುದಾಯದೊಳಗೆ ಮುಗಿದಿಲ್ಲ. ದಹನವನ್ನು ಆರಿಸಿಕೊಳ್ಳುವ ಪಾರಸಿಗಳಿಗಾಗಿ 2015ರಲ್ಲಿ ವರ್ಲಿಯಲ್ಲಿ ಪ್ರಾರ್ಥನಾ ಮಂದಿರ ತೆರೆಯಿತು. ಕೆಲವರು ಈಗ ಅಲ್ಲಿಗೆ ಹೋಗುತ್ತಾರೆ. ಉಳಿದವರ ಕೊನೆಯ ಯಾತ್ರೆ ಇಂದಿಗೂ ಗುಡ್ಡಕ್ಕೇ.