ಟಿಪ್ಪು ರಾಕೆಟ್: ಹೆಮ್ಮೆ ಪಡುವ ಮೊದಲು, ಜಗಳ ಆಡುವ ಮೊದಲು ಓದಬೇಕಾದ ಪುಸ್ತಕಗಳು

ನಮ್ಮ ಕುಂದಾಣದ ಕಡೆ ತಲೆ ಮೇಲೆ ವಿಮಾನ ಹಾರಿದರೆ ಈಗ ಯಾರೂ ಕತ್ತೆತ್ತಿ ನೋಡೋದಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ಬಂತು, ಹಿಂದೆಯೇ ಏರೋಸ್ಪೇಸ್ ಪಾರ್ಕ್ ಬಂತು. ಅದರ ಜೊತೆಗೇ ಒಂದು ಮಾತೂ ಚಾಲ್ತಿಗೆ ಬಂತು: ‘ಟಿಪ್ಪು ಹುಟ್ಟಿದ್ದು ದೇವನಹಳ್ಳೀಲಿ, ರಾಕೆಟ್ ಕಂಡುಹಿಡಿದದ್ದೇ ನಮ್ಮವರು’. ಇನ್ನೊಂದು ಗುಂಪಿಗೆ ಟಿಪ್ಪು ಹೆಸರು ಕೇಳಿದರೇ ಆಗೋದಿಲ್ಲ, ಹಾಗಾಗಿ ರಾಕೆಟ್ ಕಥೆಯೂ ಸುಳ್ಳು. ಇವೆರಡನ್ನೂ ಪಕ್ಕಕ್ಕಿಟ್ಟು, ವಿಜ್ಞಾನದ ಇತಿಹಾಸಕಾರರು ಏನು ಬರೆದಿದ್ದಾರೆ, ಯಾವ ಪುಸ್ತಕ ಯಾವ ಪ್ರಶ್ನೆಗೆ ಉತ್ತರ ಕೊಡುತ್ತೆ ಅನ್ನೋದನ್ನ ಇಲ್ಲಿ ಒಂದು ಕಡೆ ಜೋಡಿಸಿದ್ದೇನೆ.

ಖಚಿತವಾಗಿ ಗೊತ್ತಿರುವುದು

ರಾಕೆಟ್ ಮೈಸೂರಿನಲ್ಲಿ ಹುಟ್ಟಿದ್ದಲ್ಲ. ಮದ್ದು ತುಂಬಿದ ಬಾಣ ಚೀನಾದಲ್ಲಿ ಶತಮಾನಗಳ ಹಿಂದೆಯೇ ಇತ್ತು. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಹೊಸದಾಗಿ ಬಂದದ್ದು ಕಬ್ಬಿಣದ ಕೊಳವೆ. ಯುರೋಪಿನವರು ಆಗ ಕಾಗದದ ರಟ್ಟಿನ ಕೊಳವೆ ಬಳಸುತ್ತಿದ್ದರು. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತೆ, ಹಾಗಾಗಿ ಮದ್ದನ್ನು ಗಟ್ಟಿಯಾಗಿ ತುಂಬಬಹುದು, ಬಾಣ ದೂರ ಹೋಗುತ್ತೆ. ದಿಕ್ಕು ತಪ್ಪದಿರಲಿ ಅಂತ ಬಿದಿರಿನ ಗಳುವನ್ನೋ ಕತ್ತಿಯ ಅಲಗನ್ನೋ ಕಟ್ಟುತ್ತಿದ್ದರು. 1780ರ ಪೊಳ್ಳಿಲೂರು ಕದನದಲ್ಲಿ ಈ ರಾಕೆಟ್‌ಗಳು ಬಳಕೆಯಾದವು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆಲವು ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ತನ್ನದೇ ರಾಕೆಟ್ ರೂಪಿಸಿದ. 1807ರಲ್ಲಿ ಕೋಪನ್‌ಹೇಗನ್ ಮೇಲೆ ಅವು ಬಿದ್ದವು. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ, ಬತ್ತಿದ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಕಥೆ ಸುಳ್ಳು ಅನ್ನುವವರಿಗೆ ಆ ಬಾವಿಯೇ ಉತ್ತರ.

ಮೊದಲು ಓದಬೇಕಾದ್ದು

ನನ್ನ ಪಟ್ಟಿಯಲ್ಲಿ ಮೊದಲನೆಯದು ಪುಸ್ತಕವಲ್ಲ, ಒಂದು ಉಪನ್ಯಾಸ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ (ಎನ್‌ಎಎಲ್) ನಿರ್ದೇಶಕರಾಗಿದ್ದ ರೊದ್ದಂ ನರಸಿಂಹ ಅವರು 1985ರಲ್ಲಿ ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಕೊಟ್ಟ ‘ರಾಕೆಟ್ಸ್ ಇನ್ ಮೈಸೂರ್ ಅಂಡ್ ಬ್ರಿಟನ್, 1750–1850’. ಯಾರು ಮೊದಲು ಅನ್ನೋದಕ್ಕಿಂತ ಅವರಿಗೆ ಮುಖ್ಯವಾದ ಪ್ರಶ್ನೆ ಬೇರೆ: ಮುಂದಿದ್ದ ಮೈಸೂರು ಯಾಕೆ ನಿಂತುಹೋಯಿತು, ಹಿಂದಿದ್ದ ಬ್ರಿಟನ್ ಹೇಗೆ ದಾಟಿಕೊಂಡು ಹೋಯಿತು?

ಉತ್ತರದ ಸಾರ ಇಷ್ಟು. ನಮ್ಮಲ್ಲಿ ಕೈಗೆ ಕಸುಬು ಇತ್ತು, ರಣರಂಗದ ಅನುಭವ ಇತ್ತು. ಬ್ರಿಟನ್ನಿನಲ್ಲಿ ಅದರ ಜೊತೆಗೆ ನ್ಯೂಟನ್ನನ ಯಂತ್ರಶಾಸ್ತ್ರ ಇತ್ತು, ಅಳೆಯುವ ಅಭ್ಯಾಸ ಇತ್ತು, ಅಳೆದದ್ದನ್ನು ಅಚ್ಚು ಹಾಕಿಸುವ ರೂಢಿ ಇತ್ತು, ಕಾರ್ಖಾನೆ ಇತ್ತು. ಬೆಂಜಮಿನ್ ರಾಬಿನ್ಸ್ 1742ರಲ್ಲೇ ಫಿರಂಗಿ ಗುಂಡಿನ ಚಲನೆ ಬಗ್ಗೆ ಪುಸ್ತಕ ಬರೆದಿದ್ದ. ಗಣಿತಜ್ಞ ಆಯ್ಲರ್ ಅದನ್ನು ಜರ್ಮನ್‌ಗೆ ತಂದ. ಇದೇ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದು 1751ರಲ್ಲಿ ಕಡಲೂರಿನ ಕೋಟೆಯಲ್ಲಿ ತೀರಿಕೊಂಡ. ಟಿಪ್ಪು ಹುಟ್ಟಿದ್ದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಪುಸ್ತಕ ಬರೆದವನು ದಕ್ಷಿಣ ಭಾರತಕ್ಕೇ ಬಂದಿದ್ದ, ಆದರೆ ಅವನ ಪುಸ್ತಕದ ವಿದ್ಯೆ ನಮ್ಮ ಕಮ್ಮಾರನ ಕುಲುಮೆ ಮುಟ್ಟಲಿಲ್ಲ. ಕಮ್ಮಾರನಿಗೆ ಗೊತ್ತಿದ್ದದ್ದೂ ಪುಸ್ತಕಕ್ಕೆ ಹತ್ತಲಿಲ್ಲ. ನಮಗೆ ಇವತ್ತಿಗೂ ಪಾಠ ಇರೋದು ಇಲ್ಲೇ ಅಂತ ನನಗನಿಸುತ್ತೆ.

ಆಮೇಲೆ ಓದಬೇಕಾದ್ದು

ಇಡೀ ದೇಶದ ಚಿತ್ರ ಬೇಕಿದ್ದರೆ 1971ರ ‘ಎ ಕನ್ಸೈಸ್ ಹಿಸ್ಟರಿ ಆಫ್ ಸೈನ್ಸ್ ಇನ್ ಇಂಡಿಯಾ’. ಸಂಪಾದಕರಲ್ಲಿ ಒಬ್ಬರು ಬಿ.ವಿ. ಸುಬ್ಬರಾಯಪ್ಪ. ಅದೇ ವರ್ಷ ಬಂದ ಧರಂಪಾಲ್ ಅವರ 18ನೇ ಶತಮಾನದ ಭಾರತದ ವಿಜ್ಞಾನ–ತಂತ್ರಜ್ಞಾನ ಕುರಿತ ಪುಸ್ತಕದಲ್ಲಿ, ಬ್ರಿಟಿಷರೇ ಬರೆದಿಟ್ಟ ಕಬ್ಬಿಣ, ಉಕ್ಕು, ಸಿಡುಬಿನ ಚುಚ್ಚುವಿಕೆಯ ವಿವರಗಳಿವೆ. ಕಪಿಲ್ ರಾಜ್ ಅವರ ‘ರೀಲೊಕೇಟಿಂಗ್ ಮಾಡರ್ನ್ ಸೈನ್ಸ್’ (2007) ಇನ್ನೊಂದು ದಾರಿ ತೋರಿಸುತ್ತೆ: ಆಧುನಿಕ ವಿಜ್ಞಾನ ಯುರೋಪಿನಲ್ಲಿ ಪೂರ್ತಿ ತಯಾರಾಗಿ ಇಲ್ಲಿಗೆ ಬಂದಿಳಿದದ್ದಲ್ಲ, ಇಲ್ಲಿನವರ ಜೊತೆಗಿನ ಕೊಡುಕೊಳ್ಳುವಿಕೆಯಲ್ಲೂ ರೂಪುಗೊಂಡದ್ದು.

ವಿಜ್ಞಾನಕ್ಕೂ ಅಧಿಕಾರಕ್ಕೂ ಇರುವ ನಂಟು ಅರ್ಥ ಆಗಬೇಕಾದರೆ ದೀಪಕ್ ಕುಮಾರ್ ಅವರ ‘ಸೈನ್ಸ್ ಅಂಡ್ ದಿ ರಾಜ್’ (1995), ಮ್ಯಾಥ್ಯೂ ಎಡ್ನಿಯ ‘ಮ್ಯಾಪಿಂಗ್ ಆ್ಯನ್ ಎಂಪೈರ್’ (1997) ಓದಬೇಕು. ಎರಡನೆಯದು ಭೂಮಾಪನದ ಕಥೆ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನಲ್ಲಿ ಆಧಾರರೇಖೆ ಅಳೆದ, ಟಿಪ್ಪು ಸತ್ತ ಮರುವರ್ಷವೇ. ನೆಲ ಅಳೆಯೋದು ಅಂದರೆ ನೆಲ ಹಿಡಿಯೋದೂ ಹೌದು ಅನ್ನೋದು ಎಡ್ನಿಯ ವಾದದ ತಿರುಳು. ಬಾಗಲೂರು ರಸ್ತೆ ಬಳಿಯ ಕಣ್ಣೂರಿನಲ್ಲಿ ಅದೇ ಸರ್ವೆಗೆ ಸೇರಿದ, 1868ರ ಗೋಪುರವೊಂದಿತ್ತು. 2024ರಲ್ಲಿ ಅದು ನೆಲಸಮವಾಯಿತು.

ನಮಗೇಕೆ ಬೇಕು

ನಮ್ಮ ತಾಲ್ಲೂಕಿನಲ್ಲಿ ಏರೋಸ್ಪೇಸ್ ಅನ್ನೋದು ಬರೀ ಹೆಮ್ಮೆಯ ಪದ ಅಲ್ಲ, ಜಮೀನಿನ ಪದ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಹೇಳಿದರು. ‘ವಿಜ್ಞಾನ ಬೆಳೀಬೇಕಾದ್ರೆ ನೆಲ ಕೊಡಿ’ ಅಂತ ಯಾರಾದರೂ ಬಂದಾಗ, ಆ ವಿಜ್ಞಾನ ಯಾರದ್ದು, ಲಾಭ ಯಾರಿಗೆ, ಕಲಿಕೆ ನಮ್ಮ ಮಕ್ಕಳಿಗೆ ತಲುಪುತ್ತಾ ಅಂತ ಕೇಳೋಕೆ ಮೇಲಿನ ಪುಸ್ತಕಗಳು ಬಲ ಕೊಡುತ್ತವೆ. ‘ಎಲ್ಲಾ ನಮ್ಮಲ್ಲೇ ಇತ್ತು’ ಅನ್ನುವವರಿಗೂ, ‘ನಮ್ಮಲ್ಲಿ ಏನೂ ಇರಲಿಲ್ಲ’ ಅನ್ನುವವರಿಗೂ ಈ ಪ್ರಶ್ನೆ ಹೊಳೆಯೋದಿಲ್ಲ.

ಇನ್ನು ತೊಡಕೇನೆಂದರೆ, ನಾನು ಹೆಸರಿಸಿದ್ದೆಲ್ಲ ಇಂಗ್ಲಿಷಿನಲ್ಲಿ ಬರೆದವು. ಕನ್ನಡಕ್ಕೆ ಈ ಕೆಲಸ ಹೊಸದೇನಲ್ಲ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಅನ್ನುವ ಮಾಸಪತ್ರಿಕೆ ತಂದಿದ್ದರು. ಆ ಕಾಲದಲ್ಲಿ ಅಷ್ಟು ಮಾಡಿದ್ದರೆ, ಈಗ ನರಸಿಂಹ ಅವರ ಒಂದು ಉಪನ್ಯಾಸವನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ, ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಹೈಸ್ಕೂಲುಗಳಿಗೆ ಹಂಚೋದು ದೊಡ್ಡ ಖರ್ಚೇನಲ್ಲ. ಟಿಪ್ಪು ಜಯಂತಿ ಮಾಡಬೇಕೋ ಬೇಡವೋ ಅಂತ ಜಗಳ ಆಡುವವರು, ಎರಡೂ ಕಡೆಯವರು, ಮೊದಲ ಪ್ರತಿ ತಗೊಳ್ಳಲಿ.